ಹದಿನೇಳನೇ ನಂಬರಿನ ಲಸಿಕೆ ಕಾರ್ಡ್

ಫೆಬ್ರವರಿ 2, ಸೋಮವಾರ

ಕ್ಷಮಿಸಿ. ಯಾರ ಹತ್ತಿರ ಕ್ಷಮೆ ಕೇಳುತ್ತಿದ್ದೇನೆ ಎಂದು ಗೊತ್ತಿಲ್ಲ, ಆದರೂ ಮೊದಲೇ ಕೇಳಿಬಿಟ್ಟರೆ ಒಂದು ಸಮಾಧಾನ. ಡೈರಿಯಲ್ಲಿ ಬರೆಯುವಂಥದ್ದು ನನ್ನ ಬದುಕಿನಲ್ಲಿ ಏನೂ ಆಗಿಲ್ಲ. ಕಾಲೇಜಿನ ಕೌನ್ಸೆಲರ್ ಹೇಳಿದರು ಎಂದು ಬರೆಯುತ್ತಿದ್ದೇನೆ. "ಟೆನ್ಷನ್ ಆದಾಗೆಲ್ಲ ಬರೀಮ್ಮಾ, ಯಾರೂ ಓದೋದಿಲ್ಲ" ಎಂದರು. ಯಾರೂ ಓದದ್ದಕ್ಕಾಗಿ ಒಳ್ಳೆಯ ನೋಟ್‌ಬುಕ್ ಹಾಳು ಮಾಡುತ್ತಿದ್ದೇನೆ. ಅದಕ್ಕೂ ಕ್ಷಮೆ ಇರಲಿ.

ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿದ್ದು ಓದಿದವಳಿಗೆ ಅದೇ ಸುಲಭ. ಆದರೆ ಇಂಗ್ಲಿಷಿನಲ್ಲಿ ನಾನು ಏನು ಬರೆದರೂ ವಾರ್ಡನ್ನಿಗೆ ಕೊಡುವ ರಜಾ ಅರ್ಜಿಯಂತೆ ಕಾಣುತ್ತದೆ. ಹರಿದು ಹಾಕಿದೆ. ಅಕ್ಕನ ಜೊತೆ ಜಗಳವಾಡುವ ಭಾಷೆಯಲ್ಲಿ ಬರೆದರೆ ಸುಳ್ಳು ಸ್ವಲ್ಪ ಕಡಿಮೆಯಾಗಬಹುದು.

ಇವತ್ತಿನ ಟೆನ್ಷನ್ ಇದು. ಮೊದಲ ವರ್ಷದವರಿಗೆ ಚರ್ಚಾಸ್ಪರ್ಧೆ ಕಡ್ಡಾಯ. ಈ ತಿಂಗಳ ಹದಿನೈದರಿಂದ ವಿಮಾನ ಹತ್ತುವವರೆಲ್ಲ ದಡಾರದ ಲಸಿಕೆ ಹಾಕಿಸಿಕೊಂಡ ಕಾರ್ಡ್ ತೋರಿಸಬೇಕು ಎಂದು ಹೊಸ ನಿಯಮ ಬಂದಿದೆಯಲ್ಲ, ಅದೇ ವಿಷಯ. ಊರೆಲ್ಲ ಅದನ್ನೇ ಮಾತಾಡುತ್ತಿರುವುದರಿಂದ ಚರ್ಚೆ ಪಬ್ಲಿಕ್ ಲೈಬ್ರರಿಯ ಹಾಲಿನಲ್ಲಿ, ಜನರ ಎದುರಿಗೆ, ಹನ್ನೆರಡನೇ ತಾರೀಕು. ಮೇಡಂ ಸ್ಟೀಲ್ ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿಸಿದರು. ನನ್ನ ಚೀಟಿಯಲ್ಲಿ "ಪರ" ಎಂದಿತ್ತು.

"ಕಾರ್ಡ್ ಬೇಕೇ ಬೇಕು ಅಂತ ನೀನು ವಾದ ಮಾಡ್ಬೇಕು" ಎಂದರು.

"ಸಾರಿ ಮೇಡಂ."

"ಸಾರಿ ಯಾಕೆ?"

ಯಾಕೆ ಎಂದು ನನಗೆ ಗೊತ್ತಿತ್ತು. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡೆ.

ಫೆಬ್ರವರಿ 3, ಮಂಗಳವಾರ

ಅಕ್ಕ ಫೋನ್ ಮಾಡಿದಳು. ಅವಳು ಫೋನ್ ಮಾಡುವುದು ಸಾಹೇಬರು ಮಲಗಿದಾಗ ಮಾತ್ರ. ಸಾಹೇಬರು ಎಂದರೆ ಅವಳ ಮಗ. ವಯಸ್ಸು ಎಂಟು ವಾರ.

ಅಕ್ಕ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ. ಅವಳ ರಜೆ ಇಪ್ಪತ್ತೆರಡಕ್ಕೆ ಮುಗಿಯುತ್ತದೆ. ಇಪ್ಪತ್ತಮೂರರ ಸೋಮವಾರ ಕೆಲಸಕ್ಕೆ ಹಾಜರಾಗದಿದ್ದರೆ ಅವಳ ಜಾಗ ಈಗ ತಾತ್ಕಾಲಿಕವಾಗಿ ಇರುವವಳಿಗೆ ಹೋಗುತ್ತದೆ. ಶಿಶುವಿಹಾರದವರು ಸಾಹೇಬರನ್ನು ಮಾರ್ಚ್ ಒಂಬತ್ತಕ್ಕೆ ಮೊದಲು ಸೇರಿಸಿಕೊಳ್ಳುವುದಿಲ್ಲ. ಭಾವ ಹಡಗಿನ ಎಂಜಿನ್ ರೂಮಿನಲ್ಲಿದ್ದಾರೆ, ಮಾರ್ಚ್ ಹತ್ತರವರೆಗೆ ನೀರಿನ ಮೇಲೆ. ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿ ವಾಕರ್ ಹಿಡಿದಿದ್ದಾಳೆ. ಅಪ್ಪ ಅವಳನ್ನು ಹಿಡಿದಿದ್ದಾನೆ. ಉಳಿದವಳು ನಾನು. ನಮ್ಮ ಕಾಲೇಜಿನ ಎರಡು ವಾರದ ರಜೆ ಇಪ್ಪತ್ತೊಂದಕ್ಕೆ ಶುರು. ಅಕ್ಕನ ಊರಿಗೆ ವಿಮಾನದ ಟಿಕೆಟ್ ಕೂಡ ಅವತ್ತಿನದೇ.

"ನನ್ನ ಕುರ್ಚೀಲಿ ಕೂತಿರೋಳು ಆಗ್ಲೇ ಡ್ರಾಯರ್‌ಗೆ ಬೇರೆ ಬೀಗ ಹಾಕಿದ್ದಾಳಂತೆ ಕಣೇ" ಎಂದಳು ಅಕ್ಕ. "ನೀನು ಬರ್ಲಿಲ್ಲ ಅಂದ್ರೆ ನಾನು ಸಾಹೇಬ್ರನ್ನ ಎದೆಗೆ ಕಟ್ಕೊಂಡು ಎಕ್ಸ್‌ರೇ ತೆಗೀಬೇಕು."

"ಬರ್ತೀನಕ್ಕ."

"ಇಲ್ಲಿ ದಡಾರ ಜಾಸ್ತಿ ಆಗಿದೆ. ನಮ್ಮ ಬೀದೀಲೇ ಮೂರು. ಒಂಬತ್ತು ತಿಂಗಳವರೆಗೆ ಸಾಹೇಬ್ರಿಗೆ ಲಸಿಕೆ ಹಾಕಲ್ಲ, ಸುತ್ತ ಇರೋರೇ ಬೇಲಿ ಅಂದ್ರು ಡಾಕ್ಟ್ರು. ನಿಂದು ಆಗಿದೆ ತಾನೆ?"

"ಕಾರ್ಡ್ ಇದೆ" ಎಂದೆ.

"ಜಾಣೆ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಕಾರ್ಡ್ ಇದೆ.

ಆಮೇಲೆ ವಿಮಾನ ಕಂಪನಿಯ ವೆಬ್‌ಸೈಟಿಗೆ ಕಾರ್ಡಿನ ಫೋಟೋ ಹಾಕಿದೆ. ನಾಲ್ಕು ಸೆಕೆಂಡಿನಲ್ಲಿ ಹಸಿರು ಗುರುತು ಬಂತು. ನನ್ನ ಯಾವ ಉತ್ತರಕ್ಕೂ ಯಾರೂ ಇಷ್ಟು ಬೇಗ ಸರಿ ಹಾಕಿದ್ದಿಲ್ಲ.

ಫೆಬ್ರವರಿ 5, ಗುರುವಾರ

ಮೆಸ್ಸಿನಲ್ಲಿ ವಾದವನ್ನು ಅಭ್ಯಾಸ ಮಾಡಿದೆ. ಎದುರಿಗೆ ಕೂತವಳು ನನ್ನ ರೂಮ್‌ಮೇಟ್. ಅವಳ ಹೆಸರು ಅಲಾರಾಂ. ದಿನಕ್ಕೆ ಐದು ಅಲಾರಾಂ ಇಟ್ಟು ಒಂದಕ್ಕೂ ಏಳುವುದಿಲ್ಲ. ನಾನು ಐದಕ್ಕೂ ಏಳುತ್ತೇನೆ.

"ನನ್ನ ಮೈ, ನನ್ನ ಟಿಕೆಟ್, ನನ್ನ ಕಿಟಕಿ ಸೀಟು" ಎಂದಳು ಅಲಾರಾಂ. "ನಂಗೇನು ಚುಚ್ಚಿದ್ದಾರೆ ಅಂತ ಗೇಟಲ್ಲಿ ನಿಂತಿರೋನಿಗೆ ಯಾಕೆ ಹೇಳ್ಬೇಕು? ನಾಳೆ ಹಲ್ಲುಜ್ಜಿದ್ಯಾ ಅಂತಾನೂ ಕೇಳ್ತಾನೆ."

"ಬಾಗಿಲು ಹಾಕಿದ ಡಬ್ಬದಲ್ಲಿ ಇನ್ನೂರು ಜನ ನಾಲ್ಕು ಗಂಟೆ ಕೂತಿರ್ತಾರೆ. ನಿನ್ನ ಮೈಯಿಂದ ಹೊರಟ ಗಾಳಿ ನಿನ್ನದಾಗಿ ಉಳಿಯೋದಿಲ್ಲ" ಎಂದು ನಾನು ಬರೆದುಕೊಂಡ ಚೀಟಿ ನೋಡಿ ಓದಿದೆ.

"ಅಯ್ಯೋ, ಚೆನ್ನಾಗಿದೆ ಕಣೇ. ಎಲ್ಲಿಂದ ಕದ್ದೆ?"

ಬಡಿಸುತ್ತಿದ್ದ ಅಡುಗೆಯವರು ಸೌಟು ಎತ್ತಿಹಿಡಿದು ನಿಂತರು. "ಕೈ ತೊಳ್ಕೊಂಡು ಊಟಕ್ಕೆ ಕೂರ್ರಿ ಅಂದ್ರೆ ಅದಕ್ಕೂ ಪರ ವಿರೋಧ ಮಾಡ್ತೀರೇನ್ರಮ್ಮಾ?"

ಎಲ್ಲರೂ ಕೈ ನೋಡಿಕೊಂಡೆವು.

ಫೆಬ್ರವರಿ 6, ಶುಕ್ರವಾರ

ಇವತ್ತು ಏನೂ ಇಲ್ಲ. ಸಾರಿ.

ಫೆಬ್ರವರಿ 7, ಶನಿವಾರ

ಯಾರೂ ಓದುವುದಿಲ್ಲ ಎಂದು ಕೌನ್ಸೆಲರ್ ಹೇಳಿದ್ದಾರೆ. ಹಾಗಾದರೆ ಬರೆಯಬಹುದು.

ನನ್ನ ಶಾಲೆಯ ಹಾಸ್ಟೆಲಿನಲ್ಲಿ ಮಕ್ಕಳಿಗೆ ನಂಬರ್ ಇತ್ತು. ಬಟ್ಟೆ ಒಗೆಯಲು ಹೋದಾಗ ಅದಲುಬದಲು ಆಗಬಾರದು ಎಂದು ಸ್ವೆಟರಿನ ಕಾಲರಿಗೆ ನಂಬರಿನ ಪಟ್ಟಿ ಹೊಲಿಯುತ್ತಿದ್ದರು. ನಾನು ಹದಿನೇಳು. ಪಕ್ಕದ ಮಂಚದವಳು ಹದಿನಾರು. ವಾರ್ಡನ್ನಿಗೆ ಎಂಬತ್ತು ಮಕ್ಕಳ ಮುಖ ನೆನಪಿರುತ್ತಿರಲಿಲ್ಲ. ಕಾಲರ್ ನೋಡಿ ಬೈಯುತ್ತಿದ್ದರು, ಕಾಲರ್ ನೋಡಿ ಹೊಗಳುತ್ತಿದ್ದರು.

ನನಗೆ ಒಂಬತ್ತು ವರ್ಷ ಇದ್ದಾಗ ಲಸಿಕೆ ಹಾಕುವವರು ಬಂದರು. ಅಪ್ಪನಿಗೆ ವರ್ಷಕ್ಕೊಂದು ವರ್ಗಾವಣೆ ಆಗುತ್ತಿದ್ದುದರಿಂದ ನನಗೆ ಚಿಕ್ಕಂದಿನಲ್ಲಿ ಈ ಲಸಿಕೆ ತಪ್ಪಿಹೋಗಿತ್ತು. ಊಟದ ಹಾಲಿನಲ್ಲಿ ಸಾಲು. ಹದಿಮೂರನೆಯವಳು ಕಿರುಚಿದಳು. ನಾನು ಹೋಗಿ ಬಕೆಟ್‌ಗಳ ಹಿಂದೆ ಕೂತೆ. ಹದಿನಾರು ತನ್ನದನ್ನು ಹಾಕಿಸಿಕೊಂಡು ಬಂದು, ತೋಳು ಉಜ್ಜುತ್ತಾ, "ನಿನ್ನ ಸ್ವೆಟರ್ ಬಿಚ್ಚು" ಎಂದಳು. ಹಾಕಿಕೊಂಡು ಮತ್ತೆ ಹೋಗಿ ಇನ್ನೊಂದು ತೋಳು ಕೊಟ್ಟಳು. ಹದಿನೇಳರ ಮುಂದೆ ಟಿಕ್ ಬಿತ್ತು. ತಿಂಗಳಾದ ಮೇಲೆ ಎರಡನೇ ಡೋಸಿಗೂ ಹಾಗೇ. ಬದಲಿಗೆ ನಾನು ಆರು ಭಾನುವಾರದ ಸಿಹಿ ಕೊಡಬೇಕು ಎಂದು ಮಾತಾಗಿತ್ತು.

ಅಂದರೆ ಹದಿನಾರಿಗೆ ನಾಲ್ಕು ಡೋಸ್, ನನಗೆ ಸೊನ್ನೆ. ಅವಳಿಗೆ ಆಮೇಲೆ ನೆಗಡಿ ಕೂಡ ಆಗಿದ್ದನ್ನು ನಾನು ನೋಡಿಲ್ಲ.

ಕಾರ್ಡಿನಲ್ಲಿ ನನ್ನ ಹೆಸರು, ಎರಡು ತಾರೀಕು, ಎರಡು ಸಹಿ ಇವೆ. ತುಂಬಾ ನೀಟಾಗಿದೆ.

ಫೆಬ್ರವರಿ 9, ಸೋಮವಾರ

ಹದಿನಾರಿಗೆ ಫೋನ್ ಮಾಡಿದೆ. ಈಗ ಅವಳು ಈಜುಕೊಳವೊಂದರಲ್ಲಿ ಲೈಫ್‌ಗಾರ್ಡ್. ಮುಳುಗುವವರನ್ನು ಎಳೆದು ಹಾಕುವುದು ಅವಳ ಉದ್ಯೋಗ. ಸಂಬಳ ಇಲ್ಲದೆಯೂ ಅದನ್ನೇ ಮಾಡುತ್ತಿದ್ದಳು.

"ಲೇ ಹದಿನೇಳು! ಬದುಕಿದ್ಯಾ? ನಮ್ಮ ಕೊಳದ ನೀರೆಲ್ಲ ಖಾಲಿ ಕಣೇ. ಟೈಲ್ಸ್ ಎದ್ದು ಬಂದಿತ್ತು, ತಿಂಗಳ ಕೊನೆವರೆಗೂ ರಿಪೇರಿ. ಖಾಲಿ ಗುಂಡಿ ಮುಂದೆ ವಿಶಲ್ ಹಾಕ್ಕೊಂಡು ಕೂತಿದ್ದೀನಿ."

ವಿಷಯ ಹೇಳಿದೆ. ಅವಳು ಬಹಳ ಹೊತ್ತು ನಕ್ಕಳು.

"ಚರ್ಚೆಲಿ ನೀನು ಲಸಿಕೆ ಕಡೆನಾ? ನೀನಾ?"

"ನಗಬೇಡ್ವೇ. ಏನು ಮಾಡ್ಲಿ?"

"ಇನ್ನೊಂದ್ಸಲ ಬೇಕಾದ್ರೆ ಸ್ವೆಟರ್ ಕಳ್ಸು."

"ಸೀರಿಯಸ್ಸಾಗಿ ಹೇಳೇ."

"ಸೀರಿಯಸ್ಸಾಗಿ ಅಂದ್ರೆ, ಹೋಗಿ ಚುಚ್ಚಿಸ್ಕೊ. ನಿಂಗೀಗ ಹದಿನೆಂಟು." ಫೋನ್ ಇಡುವ ಮೊದಲು ಹೇಳಿದಳು. "ಮತ್ತೆ ಆರು ಭಾನುವಾರದಲ್ಲಿ ಎರಡು ನೀನೇ ತಿಂದೆ. ಮರ್ತಿಲ್ಲ ನಾನು."

ಚುಚ್ಚಿಸಿಕೊಳ್ಳುವುದು ಎಂದು ಬರೆದು ಪೆನ್ನಿಗೆ ಮುಚ್ಚಳ ಹಾಕಿದೆ, ಮತ್ತೆ ತೆಗೆದೆ. ಹಸಿರು ಗುರುತು ಇದೆಯಲ್ಲ. ಇರಲಿ.

ಫೆಬ್ರವರಿ 12, ಗುರುವಾರ

ಗೆದ್ದೆ.

ಲೈಬ್ರರಿ ಹಾಲಿನಲ್ಲಿ ಕುರ್ಚಿ ಸಾಲದೆ ಮಕ್ಕಳ ವಿಭಾಗದ ಪುಟ್ಟ ಸ್ಟೂಲುಗಳನ್ನೂ ತಂದಿದ್ದರು. ದೊಡ್ಡವರು ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದರು. ಮೊದಲು ಜನರ ಮಾತು. ಟ್ಯಾಕ್ಸಿ ಓಡಿಸುವವರೊಬ್ಬರು ಎದ್ದರು. "ದಿನಕ್ಕೆ ಇಪ್ಪತ್ತು ಜನರನ್ನ ಏರ್‌ಪೋರ್ಟಿಗೆ ಬಿಡ್ತೀನಿ. ಅವ್ರಿಗೆಲ್ಲ ಕಾರ್ಡ್ ಬೇಕಂತೆ. ನನ್ನನ್ನ ಯಾರೂ ಕೇಳಿಲ್ಲ. ನನ್ನ ಗಾಡೀಲಿ ದಡಾರಕ್ಕೆ ರಜಾನಾ?" ಹಾಲ್ ನಕ್ಕಿತು. ಟೈಲರ್ ಅಂಗಡಿಯ ಅಜ್ಜಿ ಎದ್ದು, "ನಂಗೆ ಡಾಕ್ಟ್ರೇ ಲಸಿಕೆ ಬೇಡ ಅಂದಿದ್ದಾರೆ. ಹಾಗಂತ ಮೊಮ್ಮಗಳ ಮುಖ ನೋಡೋದು ಬೇಡ್ವಾ?" ಎಂದರು. ಆಗ ಯಾರೂ ನಗಲಿಲ್ಲ. ಅಂಥವರು ಡಾಕ್ಟರ ಪತ್ರ ತೋರಿಸಿದರೆ ಬಿಡಬೇಕು, ಅಂಥವರಿಗಾಗಿಯೇ ಉಳಿದವರು ಹಾಕಿಸಿಕೊಳ್ಳಬೇಕು ಎಂದು ನಾನು ಹೇಳಿದೆ. ಚೀಟಿಯಲ್ಲಿ ಅದು ಇರಲಿಲ್ಲ. ಹೇಗೋ ಬಂತು.

ನನ್ನ ಎದುರಾಳಿ ನಮ್ಮ ಕ್ಲಾಸಿನ ಮೈಕು. ಅವನಿಗೆ ಮೈಕ್ ಬೇಕಾಗುವುದಿಲ್ಲ ಎಂದು ಆ ಹೆಸರು.

"ಕಾರ್ಡ್ ಕಾರ್ಡ್ ಅಂತೀರಿ" ಎಂದ. "ಗೇಟಲ್ಲಿ ನೋಡೋದು ಕಾಗದಾನ, ರಕ್ತಾನಲ್ಲ. ಕಾಗದ ಸುಳ್ಳು ಹೇಳಿದ್ರೆ?"

"ಹೇಳಲ್ಲ."

"ಹೇಗೆ ಗೊತ್ತು?"

"ನನ್ನ ಹತ್ರ ಇದೆ" ಎಂದು ನಾನು ಕಾರ್ಡನ್ನು ಎತ್ತಿ ಹಿಡಿದೆ. ಯಾಕೆ ಹಾಗೆ ಮಾಡಿದೆ ಎಂದು ಈಗಲೂ ಗೊತ್ತಿಲ್ಲ. ಕೈ ತಾನಾಗಿ ಎದ್ದಿತು. ತೀರ್ಪುಗಾರರು ರಿಟೈರ್ಡ್ ಡಾಕ್ಟರ್. ಅದನ್ನು ತರಿಸಿಕೊಂಡು ಎರಡೂ ಕಡೆ ತಿರುಗಿಸಿ ನೋಡಿ, "ಇಷ್ಟು ಅಚ್ಚುಕಟ್ಟಾದ ಕಾರ್ಡನ್ನ ನನ್ನ ಸರ್ವಿಸಿನಲ್ಲೇ ನೋಡಿಲ್ಲ" ಎಂದರು. ಚಪ್ಪಾಳೆ. ಬಹುಮಾನವಾಗಿ ಸರ್ಟಿಫಿಕೇಟುಗಳನ್ನು ಜೋಪಾನವಾಗಿ ಇಟ್ಟುಕೊಳ್ಳಲು ಒಂದು ಪ್ಲಾಸ್ಟಿಕ್ ಫೋಲ್ಡರ್ ಕೊಟ್ಟರು.

ಆಮೇಲೆ ಟೀ. ಬಾಗಿಲ ಹತ್ತಿರ ನಿಂತೇ ಚರ್ಚೆ ಕೇಳಿದ್ದ ಒಬ್ಬ ಹೆಂಗಸು ಒಳಗೆ ಬಂದರು. ಹೆಗಲ ಮೇಲೆ ಒಂದು ಮಗು ಮಲಗಿತ್ತು. ಸಾಹೇಬರಿಗಿಂತ ಚಿಕ್ಕದಿರಬೇಕು. ಎಲ್ಲ ಕುರ್ಚಿಗಳನ್ನೂ ನೋಡಿಕೊಂಡು ಬಂದು ನನ್ನ ಪಕ್ಕ ಕೂತರು.

"ನಿನ್ ಪಕ್ಕಾನೇ ಕೂರ್ತೀನಮ್ಮಾ. ನಿಂದಂತೂ ಆಗಿದೆ, ನಾನೇ ನೋಡಿದ್ನಲ್ಲ. ಬೇರೆಯವ್ರದ್ದು ಯಾರಿಗೆ ಗೊತ್ತು?"

ಮಗುವಿನ ಬಾಯಿ ನನ್ನ ತೋಳಿನಿಂದ ಒಂದು ಗೇಣು ದೂರದಲ್ಲಿ ತೆರೆದುಕೊಂಡಿತ್ತು. ಹಲ್ಲಿಲ್ಲ. ಉಸಿರಾಡುತ್ತಿತ್ತು.

ನಾನು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತೆ.

"ಯಾಕಮ್ಮಾ?"

"ಸೆಖೆ" ಎಂದೆ. ಟೀ ಮುಗಿಯುವವರೆಗೆ ಅರ್ಧ ಗಂಟೆ ಅಲ್ಲೇ ನಿಂತಿದ್ದೆ. ಕಿಟಕಿಯಲ್ಲಿ ಸೈಕಲ್ ಸ್ಟ್ಯಾಂಡ್ ಕಾಣುತ್ತದೆ. ಇಪ್ಪತ್ತೆರಡು ಸೈಕಲ್ ಇವೆ.

ಫೆಬ್ರವರಿ 13, ಶುಕ್ರವಾರ

ಬೆಳಿಗ್ಗೆ ಲಸಿಕಾ ಕೇಂದ್ರಕ್ಕೆ ಹೋದೆ. ಕಾಲೇಜಿನಿಂದ ಎರಡು ಬೀದಿ ಆಚೆ, ಜೆರಾಕ್ಸ್ ಅಂಗಡಿಯ ಮೇಲೆ. ಮೆಟ್ಟಿಲು ಮೂವತ್ತೊಂದು. ಒಂದು ಸಲ ಹತ್ತಿ, ಇಳಿದು, ಮತ್ತೆ ಹತ್ತಿದೆ.

ನರ್ಸ್ ಕನ್ನಡಕವನ್ನು ಹಣೆಯ ಮೇಲೆ ಇಟ್ಟುಕೊಂಡು ಕಂಪ್ಯೂಟರ್ ನೋಡಿದರು.

"ನಿಂದು ಎರಡೂ ಡೋಸ್ ಆಗಿದೆಯಲ್ಲಮ್ಮಾ. ಮೂರನೇದು ಯಾಕೆ, ಆಸೆನಾ?"

"ಆಗಿಲ್ಲ."

"ಆಗಿದೆ. ತಾರೀಕಿದೆ, ಸಹಿ ಇದೆ."

"ಅದು ಬೇರೆಯವಳಿಗೆ ಆಗಿದ್ದು. ನನ್ನ ಸ್ವೆಟರ್ ಹಾಕ್ಕೊಂಡು ಹೋಗಿದ್ಲು."

ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. "ಅವಳದ್ದೂ ಆಗಿ, ನಿಂದೂ ಅವಳೇ ಹಾಕಿಸ್ಕೊಂಡ್ಲಾ? ನಾಲ್ಕು ಡೋಸಾ? ಏನೂ ಆಗ್ಲಿಲ್ವಾ ಅವಳಿಗೆ?"

"ಲೈಫ್‌ಗಾರ್ಡ್ ಆದಳು."

"ಹ್ಞೂಂ" ಎಂದರು ನರ್ಸ್. ಡ್ರಾಯರಿನಿಂದ ಒಂದು ಫಾರಂ ತೆಗೆದರು. "ದಾಖಲೆ ತಿದ್ದೋಕೆ ಕಾರಣ ಬೇಕು. ಕೇಂದ್ರದ ತಪ್ಪು, ಶಾಲೆ ತಪ್ಪು, ಸ್ವಂತ ತಪ್ಪು. ಯಾವುದಾದ್ರೂ ಒಂದಕ್ಕೆ ಗುರುತು ಹಾಕು. ಎಲ್ಲರೂ ಕೇಂದ್ರದ ತಪ್ಪು ಅಂತಾನೇ ಹಾಕ್ತಾರೆ, ನಂಗೇನೂ ಬೇಜಾರಿಲ್ಲ."

ಮೂರನೆಯದಕ್ಕೆ ಗುರುತು ಹಾಕಿ ಸಹಿ ಮಾಡಿದೆ. ಸಹಿ ಕಾರ್ಡಿನಲ್ಲಿರುವಷ್ಟು ನೀಟಾಗಿ ಬರಲಿಲ್ಲ.

ತೋಳು ಕೊಟ್ಟೆ. ಕಣ್ಣು ಮುಚ್ಚಲು ಮರೆತೆ.

"ಆಯ್ತು" ಎಂದರು.

"ಇಷ್ಟೇನಾ?"

"ಇಷ್ಟೇ. ಎಷ್ಟು ವರ್ಷದಿಂದ ಓಡ್ತಿದ್ದೆ?"

"ಒಂಬತ್ತು."

"ಸಾಕು, ಇನ್ನು ಕೂತ್ಕೊ. ಅರ್ಧ ಗಂಟೆ ಎಲ್ಲೂ ಹೋಗ್ಬೇಡ. ಎರಡನೇದು ಮಾರ್ಚ್ ಹದಿಮೂರಕ್ಕೆ."

ಅಕ್ಕನ ಮನೆಯ ವಿಷಯ ಹೇಳಿದೆ. ಇಪ್ಪತ್ತೊಂದಕ್ಕೆ ವಿಮಾನ, ಮನೆಯಲ್ಲಿ ಎರಡು ತಿಂಗಳ ಮಗು. ಅವರು ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸಿದರು. "ಇವತ್ತು ಹಾಕಿದ್ದು ಮೈಗೆ ಹತ್ತೋಕೆ ಎರಡು ವಾರ ಬೇಕು. ಇಪ್ಪತ್ತೇಳು ಕಳೀಲಿ. ಅಷ್ಟರೊಳಗೆ ಏರ್‌ಪೋರ್ಟು, ವಿಮಾನ, ಜನಜಂಗುಳಿ ಎಲ್ಲ ಸುತ್ಕೊಂಡು ಹೋಗಿ ಆ ಕೂಸನ್ನ ಎತ್ಕೋಬೇಡ. ನಿಯಮದಲ್ಲೂ ಹಾಗೇ ಇದೆ, ಕೊನೇಪಕ್ಷ ಒಂದು ಡೋಸ್ ಆಗಿ ಹದಿನಾಲ್ಕು ದಿನ."

ಹೊಸ ಕಾರ್ಡ್ ಕೊಟ್ಟರು. ಅದರಲ್ಲಿ ಒಂದೇ ತಾರೀಕು ಇದೆ.

ರೂಮಿಗೆ ಬಂದು ವೆಬ್‌ಸೈಟ್ ತೆರೆದೆ. ಹಳೆಯ ಕಾರ್ಡಿನ ಹಸಿರು ಗುರುತು ಹಾಗೇ ಇತ್ತು. ಹೊಸದನ್ನು ಹಾಕಬೇಕು ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಹಾಕಿದೆ. ನಾಲ್ಕು ಸೆಕೆಂಡಿನಲ್ಲಿ ಕೆಂಪಾಯಿತು. ಈ ಟಿಕೆಟಿನಲ್ಲಿ ಪ್ರಯಾಣಿಸುವಂತಿಲ್ಲ, ಭಾನುವಾರ ಮಧ್ಯಾಹ್ನ ಹನ್ನೆರಡರ ಒಳಗೆ ತಾರೀಕು ಬದಲಾಯಿಸಿಕೊಳ್ಳಬಹುದು ಎಂದು ಬಂತು. ನಾನು ನಿನ್ನೆ ಇಡೀ ಹಾಲಿನ ಎದುರು ಸಮರ್ಥಿಸಿಕೊಂಡ ನಿಯಮ. ಚೆನ್ನಾಗಿ ಕೆಲಸ ಮಾಡುತ್ತಿದೆ.

ತೋಳು ಸ್ವಲ್ಪ ನೋಯುತ್ತಿದೆ. ಅಲಾರಾಂ ಬಂದು ನೋಡಿ, "ಏನೇ ಇದು, ಈ ವಯಸ್ಸಲ್ಲಿ?" ಎಂದಳು. ಎಲ್ಲ ಹೇಳಿದೆ. ಅವಳು ಎದ್ದು ಹೋಗಿ ತನ್ನ ಟ್ರಂಕಿನಲ್ಲಿ ತನ್ನ ಕಾರ್ಡ್ ಹುಡುಕಲು ಶುರು ಮಾಡಿದಳು.

ಫೆಬ್ರವರಿ 14, ಶನಿವಾರ

ಫೋಲ್ಡರನ್ನು ಮೈಕುವಿಗೆ ಕೊಟ್ಟೆ. "ಕಾಗದ ಸುಳ್ಳು ಹೇಳಿತ್ತು" ಎಂದೆ. "ಅಂದ್ರೆ ನಾನು ಗೆದ್ದೆನಾ?" ಎಂದು ಅವನು ಮೊದಲ ಸಲ ಪಿಸುಮಾತಿನಲ್ಲಿ ಕೇಳಿದ. ಮೇಡಂಗೂ ಹೇಳಿದೆ. "ಹಾಗಾದ್ರೆ ನಿನ್ನ ವಾದ?" ಎಂದು ಕೇಳಿದರು. ವಾದ ಸರಿ ಇದೆ ಮೇಡಂ, ಉದಾಹರಣೆ ತಪ್ಪು ಎಂದೆ.

ಅಕ್ಕನಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಸಾಹೇಬರು ಎದ್ದಿರಬೇಕು. ಎತ್ತಿದ್ದರೂ ನಾನು ಸುತ್ತಿ ಬಳಸಿ ಏನೋ ಹೇಳುತ್ತಿದ್ದೆ. ಹದಿನಾರಿಗೆ ಮಾಡಿದೆ. ಅವಳು ಅರ್ಧಕ್ಕೇ ತಡೆದಳು.

"ನಿಮ್ಮಕ್ಕ ಇರೋ ಊರಿಗೆ ನಮ್ಮಲ್ಲಿಂದ ಬಸ್ಸಿದೆ ಕಣೇ. ನಾಲ್ಕೇ ಗಂಟೆ. ಖಾಲಿ ಗುಂಡಿ ಕಾಯೋ ಬದ್ಲು ಅಲ್ಲಿಗೆ ಹೋಗ್ಲಾ? ನಮ್ಮನೇಲಿ ಅವಳಿ ತಮ್ಮಂದಿರಿಬ್ಬರನ್ನೂ ಎತ್ತಿ ಬೆಳೆಸಿದ್ದು ನಾನೇ."

"ನೀನು ಯಾಕೆ ನನ್ನ ಬದ್ಲು..."

"ಅಭ್ಯಾಸ ಆಗಿದೆ ಬಿಡೇ. ಆದ್ರೆ ಈ ಸಲ ಸ್ವೆಟರ್ ಬೇಡ, ನನ್ನ ಹೆಸರಲ್ಲೇ ಹೋಗ್ತೀನಿ. ನೀನು ಮೊದ್ಲು ಅಕ್ಕಂಗೆ ಹೇಳು. ಎಲ್ಲಾನೂ ಹೇಳು."

ಅಕ್ಕನಿಗೆ ಮೆಸೇಜ್ ಬರೆಯಲು ಕೂತೆ. ಮೊದಲ ಮೂರು ಸಲ ಬರೆದದ್ದು ತುಂಬಾ ಉದ್ದವಾಯಿತು. ಮೂರರಲ್ಲೂ ಅರ್ಧ ನನ್ನ ಟೆನ್ಷನ್ ಬಗ್ಗೆಯೇ ಇತ್ತು. ಅಳಿಸಿದೆ. ನಾಲ್ಕನೆಯದನ್ನು ಕಳಿಸಿದೆ. ಇಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೇನೆ.

"ಅಕ್ಕ, ನನಗೆ ದಡಾರದ ಲಸಿಕೆ ಆಗಿರಲಿಲ್ಲ. ಹಾಸ್ಟೆಲಿನಲ್ಲಿ ಹೆದರಿ ಬಚ್ಚಿಟ್ಟುಕೊಂಡಿದ್ದೆ. ನನ್ನ ಬದಲು ನನ್ನ ಗೆಳತಿ ಹಾಕಿಸಿಕೊಂಡಳು. ಕಾರ್ಡ್ ಇದೆ ಎಂದು ನಿನಗೆ ಹೇಳಿದೆ, ಆಗಿಲ್ಲ ಎಂದು ಹೇಳಲಿಲ್ಲ. ತಪ್ಪು ನನ್ನದು. ನಿನ್ನೆ ಹಾಕಿಸಿಕೊಂಡೆ. 27ಕ್ಕೆ ಎರಡು ವಾರ ಆಗುತ್ತದೆ. ಅದಕ್ಕೆ ಮೊದಲು ಸಾಹೇಬರ ಹತ್ತಿರ ನಾನು ಬರಬಾರದು. 21ರ ಟಿಕೆಟ್ ಈಗ ನಡೆಯುವುದಿಲ್ಲ. 28ರ ವಿಮಾನದಲ್ಲಿ ಒಂದು ಸೀಟಿದೆ. ಅಲ್ಲಿಂದ ಶಿಶುವಿಹಾರ ಶುರುವಾಗುವ ಹಿಂದಿನ ದಿನದವರೆಗೆ ನಾನಿರುತ್ತೇನೆ. 23ರಿಂದ 27ರವರೆಗೆ ನೋಡಿಕೊಳ್ಳಲು ಆ ಗೆಳತಿ ಬಸ್ಸಿನಲ್ಲಿ ಬರುತ್ತಾಳಂತೆ. ನೀನು ಅವಳನ್ನು ನೋಡಿದ್ದೀಯ, ಶಾಲೆಯ ವಾರ್ಷಿಕೋತ್ಸವದಲ್ಲಿ ನನ್ನ ಪಕ್ಕ ನಿಂತಿದ್ದ ಉದ್ದ ಹುಡುಗಿ. ಅವಳಿಗೆ ನಾಲ್ಕು ಡೋಸ್ ಆಗಿದೆ. ಅದರಲ್ಲಿ ಎರಡು ನನ್ನವು. ಅವಳ ನಂಬರ್ ಕೆಳಗಿದೆ, ನೀನೇ ಮಾತಾಡಿ ನೋಡು. ಅವಳು ಬರಬಹುದಾ? ಆಮೇಲೆ ನಾನು ಬರಬಹುದಾ? ಬೈಯುವುದನ್ನು ಆಮೇಲೆ ಬೈಯಿ, ಕೇಳಿಸಿಕೊಳ್ಳುತ್ತೇನೆ. ಟಿಕೆಟ್ ಬದಲಾಯಿಸಲು ನಾಳೆ ಮಧ್ಯಾಹ್ನ ಹನ್ನೆರಡರವರೆಗೆ ಮಾತ್ರ ಸಮಯ ಇದೆ. ಬೇಗ ಉತ್ತರ ಕೊಡು."